ಅಪ್ಪನ ಹೆಸರಿನ ಕಾರು

ನಮ್ಮ ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಕಡಿಮೆ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ ತಾತನ ಹೆಸರನ್ನು ನನಗೆ ಇಟ್ಟಿದ್ದರು. ಮಾವನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಪದ್ಧತಿಯಲ್ಲಿ ಬೆಳೆದ ಅಮ್ಮನಿಗೂ, ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ಬೇರೆಲ್ಲೂ ಹೇಳಿರದ ಅಜ್ಜಿಗೂ ಆ ಹೆಸರು ಮುಟ್ಟಲಾಗದ ವಸ್ತುವಾಗಿತ್ತು. ಹೀಗಾಗಿ ನಾನು ಮನೆಯೊಳಗೆ ಪುಟ್ಟು, ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ತಾತ. ಇದು ಬರಿಯ ಸಂಕೋಚದ ಪದ್ಧತಿಯೆಂದೇ ಬಹುಕಾಲ ತಿಳಿದಿದ್ದೆ. ಹಿರಿಯರ ಹೆಸರು ಉಳಿಯಬೇಕು, ಆದರೆ ಹಾಲು ಚೆಲ್ಲಿದಾಗ, ಲೆಕ್ಕದಲ್ಲಿ ಏಳು ಅಂಕ ಬಂದಾಗ, ಪಕ್ಕದ ಮನೆಯ ಕಿಟಕಿ ಒಡೆದಾಗ ಆ ಹೆಸರು ಬೈಗುಳದ ಜೊತೆ ಸೇರಿ ಬೀದಿಗೆ ಬೀಳಬಾರದು. ಅದಕ್ಕಾಗಿ ಏಟು ತಿನ್ನಲೆಂದೇ ಒಂದು ಅಡ್ಡಹೆಸರನ್ನು ಮುಂದೆ ನಿಲ್ಲಿಸುವ ಏರ್ಪಾಡು ಅದು ಎಂದು ನನಗೆ ಹೊಳೆದದ್ದು ಅಮೆರಿಕದ ಒಂದು ಕಾರಿನ ಕಥೆಯನ್ನು ಓದಿದ ಮೇಲೆ. ಆ ಕಾರಿಗೆ ಪುಟ್ಟು ಎಂಬಂಥ ಹೆಸರನ್ನು ಯಾರೂ ಇಡಲಿಲ್ಲ.

ಅದರ ಹೆಸರು ಎಡ್ಸೆಲ್. ಇಂಗ್ಲಿಷ್ ಪತ್ರಿಕೆಯೊಂದರ ಅಂಕಣದಲ್ಲಿ ನೆಲಕಚ್ಚಿದ ಯಾವುದೋ ವ್ಯಾಪಾರವನ್ನು ಬಣ್ಣಿಸುತ್ತಾ ಅದು ಆ ಕಂಪನಿಯ 'ಎಡ್ಸೆಲ್' ಆಯಿತು ಎಂದು ಬರೆದಿದ್ದರು. ಎಡವಿದ್ದಕ್ಕೂ ಎಡ್ಸೆಲ್‌ಗೂ ನಮ್ಮ ಕಿವಿಗೆ ಏನೋ ನಂಟಿರುವಂತೆ ಕೇಳಿಸುತ್ತದಾದರೂ, ಹುಡುಕಿ ನೋಡಿದರೆ ಅದು ಫೋರ್ಡ್ ಕಂಪನಿಯು 1957ರ ಸೆಪ್ಟೆಂಬರ್ 4ರಂದು ಮಾರುಕಟ್ಟೆಗೆ ಬಿಟ್ಟು 1959ರ ನವೆಂಬರ್ 19ರಂದು ನಿಲ್ಲಿಸಿದ ಕಾರು. ಎರಡು ವರ್ಷ ಎರಡೂವರೆ ತಿಂಗಳ ಆಯುಸ್ಸು. ಅಷ್ಟರಲ್ಲಿ ಕಂಪನಿಗೆ ಆದ ನಷ್ಟವನ್ನು ಸಾಮಾನ್ಯವಾಗಿ 25 ಕೋಟಿ ಡಾಲರ್ ಎಂದು ಲೆಕ್ಕ ಹಾಕುತ್ತಾರೆ, ಅದೂ ಅಂದಿನ ಡಾಲರಿನಲ್ಲಿ. ಇದಿಷ್ಟೇ ಆಗಿದ್ದರೆ ವ್ಯಾಪಾರದಲ್ಲಿ ಲಾಭನಷ್ಟ ಇದ್ದದ್ದೇ ಎಂದು ಪುಟ ತಿರುಗಿಸುತ್ತಿದ್ದೆನೇನೋ. ಆದರೆ ಎಡ್ಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ಸತ್ತು ಹದಿನಾಲ್ಕು ವರ್ಷವಾಗಿತ್ತು, ಮತ್ತು ಆ ಹೊತ್ತಿನಲ್ಲಿ ಕಂಪನಿಯನ್ನು ನಡೆಸುತ್ತಿದ್ದವನು ಅವನ ಹಿರಿಯ ಮಗ ಎಂದು ತಿಳಿದಾಗ ಪುಟ ತಿರುಗಿಸುವ ಮನಸ್ಸಾಗಲಿಲ್ಲ.

ಎಡ್ಸೆಲ್ ಫೋರ್ಡ್, ಹೆನ್ರಿ ಫೋರ್ಡ್ ಎಂಬ ಮಹಾಶಯರ ಒಬ್ಬನೇ ಮಗ. 1893ರಲ್ಲಿ ಹುಟ್ಟಿದ ಈ ಮಗುವಿಗೆ ತಂದೆ ತನ್ನ ಬಾಲ್ಯದ ಗೆಳೆಯ ಎಡ್ಸೆಲ್ ರಡಿಮನ್‌ನ ಹೆಸರನ್ನಿಟ್ಟರು. ಅಂದರೆ ಈ ಕಥೆಯಲ್ಲಿ ಹೆಸರು ಸಾಲ ತರುವ ಕೆಲಸ ಕಾರಿನಿಂದ ಆರಂಭವಾದದ್ದಲ್ಲ. ಇಪ್ಪತ್ತೈದನೆಯ ವಯಸ್ಸಿಗೇ ಕಂಪನಿಯ ಅಧ್ಯಕ್ಷಸ್ಥಾನ ಅವರಿಗೆ ಬಂತು, ಆದರೆ ಅಧಿಕಾರ ಬರಲಿಲ್ಲ. ಯಜಮಾನಿಕೆಯನ್ನು ಮಗನಿಗೆ ಒಪ್ಪಿಸಿ ಬೀಗದ ಕೈಗೊಂಚಲನ್ನು ಸೊಂಟದಲ್ಲೇ ಇಟ್ಟುಕೊಂಡ ಹಿರಿಯರನ್ನು ನಾವು ಕಂಡಿಲ್ಲವೇ, ಹಾಗೆ. ಟಿ ಮಾದರಿಯ ಕಾರು ಹಳತಾಯಿತು, ಜನ ಬೇರೆ ಕಂಪನಿಯ ಚೆಂದದ ಕಾರುಗಳತ್ತ ಹೊರಳುತ್ತಿದ್ದಾರೆ ಎಂದು ಎಡ್ಸೆಲ್ ವರ್ಷಗಟ್ಟಲೆ ಹೇಳಿದರೂ ತಂದೆ ಕೇಳಲಿಲ್ಲ. ಅದೇ ಮಾತನ್ನು 1926ರಲ್ಲಿ ಬರಹದಲ್ಲಿ ಇಟ್ಟ ಎಡ್ಸೆಲ್‌ರ ಷಡ್ಡಕ ಅರ್ನೆಸ್ಟ್ ಕಾನ್ಜ್‌ಲರ್ ಕೆಲವೇ ತಿಂಗಳಲ್ಲಿ ಕಂಪನಿಯಿಂದ ಹೊರಬಿದ್ದರು. ಕೊನೆಗೆ 1927ರ ಮೇ 26ರಂದು ಒಂದೂವರೆ ಕೋಟಿಯನೆಯ ಟಿ ಕಾರನ್ನು ತಂದೆ ಮಗ ಇಬ್ಬರೂ ಕೂತು ಕಾರ್ಖಾನೆಯಿಂದ ಹೊರಗೆ ತಂದರು, ಮತ್ತು ಆ ಮಾದರಿಗೆ ವಿದಾಯ ಹೇಳಿದರು. ಅದರ ಬದಲಿಗೆ ಬಂದ ಎ ಮಾದರಿಯ ಅಂದಚೆಂದ ಎಡ್ಸೆಲ್‌ರದು. ಬೇರೆ ಕಂಪನಿಗಳು ಹೈಡ್ರಾಲಿಕ್ ಬ್ರೇಕನ್ನು ಎಂದೋ ಅಳವಡಿಸಿಕೊಂಡಿದ್ದರೂ ಫೋರ್ಡ್ ಕಾರಿಗೆ ಅದು ಬಂದದ್ದು 1939ರ ಮಾದರಿಯಲ್ಲಿ. ಅಲ್ಲಿಯವರೆಗೂ ತಂದೆಯ ಮೊಂಡುತನ ಬ್ರೇಕಿಗೂ ಬ್ರೇಕು ಹಾಕಿತ್ತು.

ಆದರೂ ಕಂಪನಿಯ ಒಂದು ಮೂಲೆಯಲ್ಲಿ ಎಡ್ಸೆಲ್‌ರ ಕಣ್ಣಿಗೆ ಬೆಲೆಯಿತ್ತು. 1922ರಲ್ಲಿ ಕೊಂಡುಕೊಂಡ ಲಿಂಕನ್ ಕಂಪನಿಯನ್ನು ತಂದೆ ಅವರ ಪಾಲಿಗೆ ಬಿಟ್ಟಿದ್ದರು. ಫ್ಲಾರಿಡಾದಲ್ಲಿ ರಜೆ ಕಳೆಯುವಾಗ ಓಡಿಸಲು ತನಗೊಂದು ಕಾರು ಬೇಕೆಂದು ವಿನ್ಯಾಸಕಾರ ಗ್ರೆಗರಿಯ ಕೈಯಲ್ಲಿ ಎಡ್ಸೆಲ್ ಮಾಡಿಸಿಕೊಂಡ ಗಾಡಿಯನ್ನು ಕಂಡವರೆಲ್ಲ ತಮಗೂ ಅಂಥದ್ದೇ ಬೇಕೆಂದು ದುಂಬಾಲು ಬಿದ್ದುದರಿಂದ ಅದು ಲಿಂಕನ್ ಕಾಂಟಿನೆಂಟಲ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಅಮೆರಿಕದಲ್ಲಿ ಆದ ಅತಿ ಸುಂದರ ಕಾರುಗಳ ಪಟ್ಟಿ ಮಾಡುವವರು ಇಂದಿಗೂ ಅದನ್ನು ಬಿಡುವುದಿಲ್ಲ. ಅಗ್ಗದ ಫೋರ್ಡಿಗೂ ದುಬಾರಿ ಲಿಂಕನ್ನಿಗೂ ನಡುವೆ ಮರ್ಕ್ಯುರಿ ಎಂಬ ಕಾರನ್ನು ತಂದವರೂ ಅವರೇ. ಒಟ್ಟಿನಲ್ಲಿ ಫೋರ್ಡ್ ಮನೆತನದಲ್ಲಿ ಅಂದವೆಂದರೇನೆಂದು ಗೊತ್ತಿದ್ದ ಒಬ್ಬ ಮನುಷ್ಯನಿದ್ದರೆ ಅದು ಎಡ್ಸೆಲ್. 1943ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಅದರ ಜೊತೆಗೆ ಹಸಿ ಹಾಲಿನಿಂದ ತಗಲುವ ಜ್ವರವೂ ಇತ್ತು. ಹಾಲನ್ನು ಕಾಯಿಸಬಾರದೆಂದು ಹಟ ಹಿಡಿದಿದ್ದ ತಂದೆಯ ಜಮೀನಿನಿಂದಲೇ ಆ ಹಾಲು ಬರುತ್ತಿತ್ತೆಂದು ಜೀವನಚರಿತ್ರೆಕಾರರು ಬರೆಯುತ್ತಾರೆ. ಅವರು ಸತ್ತ ದಿನವೂ ಮೇ 26. ಟಿ ಕಾರಿಗೆ ವಿದಾಯ ಹೇಳಿದ ಆ ದಿನಕ್ಕೆ ಸರಿಯಾಗಿ ಹದಿನಾರು ವರ್ಷ.

ಇನ್ನು ಕಾರಿನ ವಿಷಯ. ಎರಡನೆಯ ಮಹಾಯುದ್ಧ ಮುಗಿದು ಅಮೆರಿಕದ ಮಧ್ಯಮವರ್ಗದ ಕೈಯಲ್ಲಿ ದುಡ್ಡು ಓಡಾಡತೊಡಗಿದಾಗ, ಅಗ್ಗದ ಫೋರ್ಡ್ ಓಡಿಸುತ್ತಿದ್ದವನು ಸಂಬಳ ಹೆಚ್ಚಾದ ಕೂಡಲೇ ಎದುರಾಳಿ ಜನರಲ್ ಮೋಟರ್ಸಿನ ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಕ್‌ಗಳ ಕಡೆಗೆ ನಡೆದುಬಿಡುತ್ತಿದ್ದ. ಅವನನ್ನು ಮನೆಯಲ್ಲೇ ಉಳಿಸಿಕೊಳ್ಳಲು ಮಧ್ಯಮ ಬೆಲೆಯ ಇನ್ನೊಂದು ಕಾರು ಬೇಕೆಂದು 1950ರ ದಶಕದ ನಡುವಿನಲ್ಲಿ ಕಂಪನಿ ತೀರ್ಮಾನಿಸಿತು. ಕಾರ್ಖಾನೆಯೊಳಗೆ ಅದನ್ನು ಇ-ಕಾರು ಎನ್ನುತ್ತಿದ್ದರು. ಇ ಎಂದರೆ ಎಕ್ಸ್‌ಪೆರಿಮೆಂಟಲ್, ಪ್ರಯೋಗಕ್ಕಾಗಿ ಎಂದರ್ಥ. ಅಲ್ಲಿಗೇ ನಿಲ್ಲಿಸಿದ್ದರೆ ಅದೇ ಒಂದು ಪುಟ್ಟು ಆಗುತ್ತಿತ್ತು. ಆದರೆ ನಾಮಕರಣದ ಸಂಭ್ರಮ ಶುರುವಾಯಿತು. ಅಷ್ಟು ಶಾಸ್ತ್ರೋಕ್ತವಾದ ನಾಮಕರಣ ಯಾವ ಮಗುವಿಗೂ ಆಗಿರಲಿಕ್ಕಿಲ್ಲ.

ಮೊದಲು ಕಂಪನಿಯ ಮಾರುಕಟ್ಟೆ ಸಂಶೋಧಕರು ಬೀದಿಗಿಳಿದು, ಹೋಗಿಬರುವವರನ್ನು ತಡೆದು, ಒಂದೊಂದು ಹೆಸರನ್ನೂ ಹೇಳಿ ಅದನ್ನು ಕೇಳಿದರೆ ನಿಮಗೆ ಏನು ನೆನಪಾಗುತ್ತದೆ ಎಂದು ವಿಚಾರಿಸಿದರು. ಆಮೇಲೆ ವಿಚಾರಣೆ ಕಾವ್ಯದ ಮನೆಯ ಬಾಗಿಲಿಗೆ ಬಂತು. ಬ್ರೂಕ್ಲಿನ್ನಿನಲ್ಲಿದ್ದ ಮರಿಯಾನ್ ಮೂರ್ ಅಂದಿನ ಅಮೆರಿಕದ ಗಣ್ಯ ಕವಯಿತ್ರಿ, ಪುಲಿಟ್ಜರ್ ಪ್ರಶಸ್ತಿ ಪಡೆದವರು, ವಯಸ್ಸು ಎಪ್ಪತ್ತರ ಹತ್ತಿರ. 1955ರಲ್ಲಿ ಅವರಿಗೆ ಕಂಪನಿಯಿಂದ ಸವಿನಯ ಪತ್ರವೊಂದು ಹೋಯಿತು: ನಮ್ಮ ಹೊಸ ಕಾರಿಗೆ ಒಂದು ಹೆಸರು ಸೂಚಿಸಬೇಕು. ಕವಯಿತ್ರಿಯೇನೂ ಬಿಗುಮಾನ ತೋರಲಿಲ್ಲ. ಪತ್ರದ ಮೇಲೆ ಪತ್ರ ಬರೆದು, ಒಂದಕ್ಕಿಂತ ಒಂದು ವಿಚಿತ್ರವಾದ ಹೆಸರುಗಳನ್ನು ಕಳಿಸಿದರು. ರೆಸಿಲಿಯೆಂಟ್ ಬುಲೆಟ್. ಇಂಟೆಲಿಜೆಂಟ್ ವೇಲ್, ಅಂದರೆ ಬುದ್ಧಿವಂತ ತಿಮಿಂಗಿಲ. ಪಾಸ್ಟೆಲೋಗ್ರಾಮ್. ಸಂಗೀತದ ಲಯವನ್ನು ಸೂಚಿಸುವ ಆಂದಾಂತೆ ಕಾನ್ ಮೋಟೋ. ಮಂಗೂಸ್ ಸಿವಿಕ್, ಅಂದರೆ ಪೌರಪ್ರಜ್ಞೆಯುಳ್ಳ ಮುಂಗುಸಿ. (ಈ ಮಂಗೂಸ್ ಎಂಬ ಪದ ಇಂಗ್ಲಿಷಿಗೆ ಹೋದದ್ದು ಮರಾಠಿಯಿಂದ, ನಮ್ಮ ಮುಂಗುಸಿಯೂ ತೆಲುಗಿನ ಮುಂಗಿಸವೂ ಅದರ ಬಂಧುಬಳಗ. ಆ ಹೆಸರೇನಾದರೂ ಒಪ್ಪಿಗೆಯಾಗಿದ್ದರೆ ಡೆಟ್ರಾಯಿಟಿನ ಕಾರೊಂದು ನಮ್ಮ ಬೇಲಿಯ ಸಂದಿಯಿಂದ ನುಸುಳಿ ಅಮೆರಿಕದ ಹೆದ್ದಾರಿಗೆ ಇಳಿದಂತಾಗುತ್ತಿತ್ತು.) ಎಲ್ಲಕ್ಕೂ ಕಳಶವಿಟ್ಟಂತೆ ಯುಟೋಪಿಯನ್ ಟರ್ಟಲ್‌ಟಾಪ್: ಕನಸಿನ ರಾಜ್ಯದ ಆಮೆಬೆನ್ನು. ಕಂಪನಿಯವರು ಅವರಿಗೆ ಗುಲಾಬಿ ಹೂಗಳನ್ನು ಕಳಿಸಿದರು, ಹೆಸರುಗಳಲ್ಲಿ ಒಂದನ್ನೂ ಬಳಸಲಿಲ್ಲ. ಈ ಪತ್ರವ್ಯವಹಾರವು ಕಾರು ಹೊರಬರುವ ಮೊದಲೇ, 1957ರ ವಸಂತದಲ್ಲಿ, ನ್ಯೂಯಾರ್ಕರ್ ಪತ್ರಿಕೆಯಲ್ಲಿ ಅಚ್ಚಾಯಿತು. ಇಡೀ ಎಡ್ಸೆಲ್ ಪ್ರಕರಣದಲ್ಲಿ ನಿಜವಾದ ಲಾಭವಾದದ್ದು ಸಾಹಿತ್ಯಕ್ಕೆ ಮಾತ್ರ ಎಂದು ನನ್ನ ಲೆಕ್ಕ.

ಕವಿಯನ್ನು ಕೇಳಿದ್ದಾಯಿತು, ಜಾಹೀರಾತು ಸಂಸ್ಥೆಯನ್ನು ಕೇಳಿದ್ದಾಯಿತು. ಅವರು ಹೆಸರುಗಳನ್ನು ಸಾವಿರದ ಲೆಕ್ಕದಲ್ಲಿ ತಂದು ಸುರಿದರು. ಸೋಸಿ ಸೋಸಿ ಸಿದ್ಧಪಡಿಸಿದ ಪಟ್ಟಿಯಲ್ಲಿ ಆರು ಸಾವಿರ ಹೆಸರುಗಳಿದ್ದುವಂತೆ. ಆರು ಸಾವಿರವನ್ನು ಓದಿ ಹೇಳಲು ಕುಳಿತವನ ಪಾಡನ್ನು ನೆನೆದರೆ, ವಿಷ್ಣುಸಹಸ್ರನಾಮವನ್ನು ಒಂದೇ ಕೂತಲ್ಲಿ ಆರು ಬಾರಿ ಪಾರಾಯಣ ಮಾಡಿದಂತೆ, ಅದೂ ಭಕ್ತಿಯಿಲ್ಲದೆ. ಕೊನೆಗೆ ನಾಲ್ಕು ಹೆಸರುಗಳು ಎಲ್ಲರ ಮೆಚ್ಚುಗೆ ಪಡೆದು ಮೇಲೆ ನಿಂತವು: ಕೋರ್ಸೇರ್, ಸೈಟೇಶನ್, ಪೇಸರ್, ರೇಂಜರ್. ಆಡಳಿತ ಸಮಿತಿಯ ಸಭೆ ಸೇರಿದ ದಿನ ಹೆನ್ರಿ ಫೋರ್ಡ್ ಮೊಮ್ಮಗ, ಅಂದರೆ ಎರಡನೆಯ ಹೆನ್ರಿ, ಊರಿನಲ್ಲಿರಲಿಲ್ಲ. ಅಧ್ಯಕ್ಷತೆ ವಹಿಸಿದ್ದ ಅರ್ನೆಸ್ಟ್ ಬ್ರೀಚ್ ಅವರಿಗೆ ಆ ನಾಲ್ಕರಲ್ಲಿ ಯಾವುದೂ ಹಿಡಿಸಲಿಲ್ಲ. ಎಡ್ಸೆಲ್ ಎಂದೇ ಇಡೋಣವೆಂದರು. ತಮ್ಮ ತಂದೆಯ ಹೆಸರು ಗಾಲಿಯ ಮುಚ್ಚಳದ ಮೇಲೆ ಗಿರಗಿರನೆ ಸುತ್ತುವುದು ಬೇಡವೆಂದು ಮೂವರು ಗಂಡುಮಕ್ಕಳೂ ಮೊದಲು ಹಿಂಜರಿದಿದ್ದರೆಂದು ಹೇಳುತ್ತಾರೆ. ಆದರೆ ಹಿರಿಯರ ಮಾತಿಗೆ ಎದುರಾಡದ ಸಂಸಾರದಂತೆ ಕೊನೆಗೆ ಒಪ್ಪಿಕೊಂಡರು. ಬೀದಿಯ ಸಮೀಕ್ಷೆಯಲ್ಲಿ ಇದೇ ಹೆಸರನ್ನು ಕೇಳಿದ ಜನ ತಮಗೆ ಪ್ರೆಟ್ಜೆಲ್ ಎಂಬ ತಿಂಡಿಯೂ ಡೀಸೆಲ್ಲೂ ನೆನಪಾಗುತ್ತದೆಂದು ಹೇಳಿದ್ದರು. ಹೆಸರು ತೀರ್ಮಾನವಾದ ದಿನ ಕಂಪನಿಯ ಪ್ರಚಾರಾಧಿಕಾರಿ ಗೇಲ್ ವಾರ್ನಾಕ್, ಈಗಷ್ಟೇ ಎರಡು ಲಕ್ಷ ಕಾರುಗಳ ವ್ಯಾಪಾರ ಕೈತಪ್ಪಿತು ಎಂಬರ್ಥದ ಚೀಟಿ ಬರೆದರೆಂಬುದು ಪ್ರಸಿದ್ಧವಾದ ಕಥೆ. ಸೋತ ಆ ನಾಲ್ಕು ಹೆಸರುಗಳನ್ನು ಬಿಸಾಡಲು ಮನಸ್ಸು ಬಾರದೆ ಅವನ್ನೇ ಎಡ್ಸೆಲ್ ಕಾರಿನ ನಾಲ್ಕು ಶ್ರೇಣಿಗಳಿಗೆ ಇಟ್ಟರು. ಮದುವೆಗೆ ನೋಡಿ ಬೇಡವೆಂದ ನಾಲ್ಕೂ ವರಗಳನ್ನು ಮನೆಯಲ್ಲೇ ಕೆಲಸಕ್ಕೆ ಇಟ್ಟುಕೊಂಡಂತೆ.

ಧಾರವಾಡದ ಕಡೆ 'ಹೆಸರಿಡು' ಎಂಬ ಮಾತಿಗೆ ನಾಮಕರಣ ಮಾಡು ಎಂಬುದಲ್ಲದೆ ತಪ್ಪು ಹುಡುಕು, ಆಡಿಕೊಳ್ಳು ಎಂಬ ಅರ್ಥವೂ ಇದೆ. ಕಂಪನಿ ಮೊದಲ ಅರ್ಥದಲ್ಲಿ ಹೆಸರಿಟ್ಟ ಕೂಡಲೇ ಜನ ಎರಡನೆಯ ಅರ್ಥದಲ್ಲಿ ಹೆಸರಿಡಲು ಆರಂಭಿಸಿದರು.

ಅದಕ್ಕೆ ಅರ್ಧ ಕಾರಣ ಕಂಪನಿಯೇ ಹುಟ್ಟಿಸಿದ ನಿರೀಕ್ಷೆ. ತಿಂಗಳುಗಟ್ಟಲೆ ಕಾರನ್ನು ತೋರಿಸದೆ, ಅದು ಬರುತ್ತಿದೆ, ಬರುತ್ತಿದೆ ಎಂದಷ್ಟೇ ಜಾಹೀರಾತು ಕೊಟ್ಟರು. ಮುಸುಕು ಹೊದಿಸಿದ ಕಾರುಗಳನ್ನು ಲಾರಿಗಳ ಮೇಲೆ ಸಾಗಿಸಿದರು. ಮಾರಾಟಗಾರರು ಮಳಿಗೆಯ ಗಾಜಿಗೂ ತೆರೆ ಹಾಕಿ ಕೂತರು. ಇಷ್ಟೆಲ್ಲ ಆದಮೇಲೆ ಮುಸುಕು ಸರಿಸಿದರೆ ಒಳಗೆ ಹಾರುವ ರಥವೇ ಇರಬೇಕೆಂದು ಜನ ನಿರೀಕ್ಷಿಸಿದ್ದರಲ್ಲಿ ತಪ್ಪಿಲ್ಲ. ಒಳಗಿದ್ದದ್ದು ಕಾರು, ಅದೂ ಬಹುಮಟ್ಟಿಗೆ ಫೋರ್ಡ್ ಮತ್ತು ಮರ್ಕ್ಯುರಿಯ ಅಸ್ಥಿಪಂಜರದ ಮೇಲೆ ಕಟ್ಟಿದ ಕಾರು. ಹೊಸದಾಗಿ ಕಂಡದ್ದು ಮುಖ. ಉಳಿದ ಕಾರುಗಳ ಜಾಲರಿಯೆಲ್ಲ ಅಡ್ಡಡ್ಡವಾಗಿ ಹಲ್ಲು ಕಿರಿಯುತ್ತಿದ್ದ ಕಾಲದಲ್ಲಿ ಎಡ್ಸೆಲ್‌ನ ಜಾಲರಿಯ ನಡುಭಾಗ ಲಂಬವಾಗಿ, ಉದ್ದನೆಯ ಮೊಟ್ಟೆಯಾಕಾರದಲ್ಲಿತ್ತು. ವಿನ್ಯಾಸಕಾರ ರಾಯ್ ಬ್ರೌನ್ ಮೊದಲು ಬರೆದ ಚಿತ್ರದಲ್ಲಿ ಅದು ತೆಳ್ಳಗೆ, ನಾಜೂಕಾಗಿತ್ತು. ಎಂಜಿನ್ನಿಗೆ ಗಾಳಿ ಸಾಲದೆಂದು ಎಂಜಿನಿಯರುಗಳು ಹಿಗ್ಗಿಸಿದರು, ಹಿಗ್ಗಿಸಿದ್ದು ದಪ್ಪವಾಯಿತು. ಕುದುರೆಯ ಕೊರಳಪಟ್ಟಿ ಎಂದರು ಸಭ್ಯರು. ನಿಂಬೆಹಣ್ಣು ಚೀಪುತ್ತಿರುವ ಓಲ್ಡ್ಸ್‌ಮೊಬೈಲ್ ಎಂದರು ರಸಿಕರು. ಶೌಚಾಲಯದ ಆಸನ ಎಂದವರೂ ಇದ್ದರು. ಈಗ ಚಿತ್ರದಲ್ಲಿ ನೋಡಿದರೆ ನನಗೇನೂ ಅದು ಅಷ್ಟು ವಿಕಾರವಾಗಿ ಕಾಣುವುದಿಲ್ಲ. ಏನನ್ನೋ ಕೇಳಿ 'ಓ' ಎಂದು ಬಾಯಿ ತೆರೆದು ನಿಂತ ಹಳ್ಳಿಯ ಮುದುಕಪ್ಪನಂತೆ ಸ್ವಲ್ಪ ಪಾಪವೆನಿಸುತ್ತದೆ.

ಒಳಗಿನ ಸೌಕರ್ಯಗಳಲ್ಲಿ ಜಾಣತನಕ್ಕೆ ಕೊರತೆಯಿರಲಿಲ್ಲ. ತಾನಾಗಿಯೇ ಸರಿಹೊಂದಿಕೊಳ್ಳುವ ಬ್ರೇಕು ಇತ್ತು. ವೇಗವನ್ನು ತೋರಿಸುವ ಮಾಪಕ ಮುಳ್ಳಿನದಲ್ಲ, ಉರುಳುವ ಗುಮ್ಮಟದಂಥದ್ದು. ನೀವು ಗೊತ್ತುಪಡಿಸಿದ ವೇಗವನ್ನು ಮೀರಿದರೆ ಕೆಂಪಗೆ ಬೆಳಗುತ್ತಿತ್ತು. ಎಲ್ಲಕ್ಕಿಂತ ಬೆರಗಿನದು ಟೆಲಿಟಚ್. ಗೇರು ಬದಲಿಸುವ ಗುಂಡಿಗಳನ್ನು ಸ್ಟಿಯರಿಂಗ್ ಚಕ್ರದ ನಟ್ಟನಡುವೆ ಇಟ್ಟಿದ್ದರು. ಗುಂಡಿ ಒತ್ತಿದರೆ ಒಂದು ವಿದ್ಯುತ್ ಮೋಟಾರು ಗೇರನ್ನು ಬದಲಿಸುತ್ತಿತ್ತು. ಕೈಯನ್ನು ಚಕ್ರದಿಂದ ತೆಗೆಯಬೇಕಿಲ್ಲವೆಂಬುದು ಅದರ ಗುಣ. ಆದರೆ ಚಕ್ರದ ನಟ್ಟನಡುವೆ ಹಾರನ್ ಇರುತ್ತದೆಂಬುದನ್ನು ಕೈ ಎಂದೋ ಕಲಿತುಬಿಟ್ಟಿದೆ. ಅಡ್ಡಬಂದವನನ್ನು ಕಂಡು ಗಾಬರಿಯಲ್ಲಿ ಹಾರನ್ ಹೊಡೆಯಲು ಹೋದವರು ಗೇರು ಗುಂಡಿಯನ್ನು ಅದುಮಿಬಿಡುತ್ತಿದ್ದರು. ಇಳಿಜಾರಿನಲ್ಲಿ ನಿಲ್ಲಿಸಿದ ಕಾರನ್ನು ನಿಲುಗಡೆಯ ಗೇರಿನಿಂದ ಹೊರಡಿಸಲು ಆ ಮೋಟಾರಿಗೆ ತ್ರಾಣ ಸಾಲುತ್ತಿರಲಿಲ್ಲವಾದ್ದರಿಂದ, ಮೊದಲು ಕೈಬ್ರೇಕು ಹಾಕಿ ಆಮೇಲೆ ಗುಂಡಿ ಒತ್ತಿರೆಂದು ತಿಳಿಹೇಳಬೇಕಾಯಿತು. ಮರುವರ್ಷದ ಮಾದರಿಯಲ್ಲಿ ಟೆಲಿಟಚ್ ಮಾಯವಾಗಿತ್ತು.

ಎಡ್ಸೆಲ್‌ಗೆ ತನ್ನದೇ ಆದ ಕಾರ್ಖಾನೆ ಇರಲಿಲ್ಲ. ಫೋರ್ಡ್ ಮತ್ತು ಮರ್ಕ್ಯುರಿ ಕಾರುಗಳ ಸಾಲಿನ ನಡುನಡುವೆ ಇದನ್ನೂ ನುಗ್ಗಿಸುತ್ತಿದ್ದರು. ದಿನವಿಡೀ ಒಂದೇ ಬಗೆಯ ತಿರುಪು ಬಿಗಿಯುತ್ತಿದ್ದ ಕೆಲಸಗಾರನ ಮುಂದೆ ಇದ್ದಕ್ಕಿದ್ದಂತೆ ಬೇರೆ ಬಗೆಯ ಭಾಗಗಳಿರುವ ಗಾಡಿ ಬಂದು ನಿಂತರೆ, ಪಂಕ್ತಿಯಲ್ಲಿ ಬಡಿಸುತ್ತಾ ಹೋಗುವವನಿಗೆ ನಡುವೆ ಒಬ್ಬ ಪಥ್ಯದವನು ಸಿಕ್ಕಂತೆ. ತಪ್ಪು ಬಡಿಸುತ್ತಾನೆ, ಇಲ್ಲವೆ ಬಡಿಸದೆ ಮುಂದೆ ಹೋಗುತ್ತಾನೆ. ಏನೇನು ಭಾಗಗಳು ಜೋಡಣೆಯಾಗಿಲ್ಲವೆಂಬ ಪಟ್ಟಿಯನ್ನು ಸ್ಟಿಯರಿಂಗಿಗೆ ಅಂಟಿಸಿಕೊಂಡೇ ಕೆಲವು ಕಾರುಗಳು ಮಳಿಗೆಗೆ ಬಂದವು. ಹೆಸರಿನ ಐದು ಇಂಗ್ಲಿಷ್ ಅಕ್ಷರಗಳನ್ನೇ ಬಿಡಿಸಿ, 'ಎವೆರಿ ಡೇ ಸಮ್‌ಥಿಂಗ್ ಎಲ್ಸ್ ಲೀಕ್ಸ್' ಎಂದು, ದಿನಕ್ಕೊಂದು ಕಡೆ ಸೋರುವುದು ಎಂದು ಜನ ವಿಗ್ರಹವಾಕ್ಯ ಮಾಡಿದರು. ವ್ಯಾಕರಣ ಬಲ್ಲ ಯಾವ ಪಂಡಿತನೂ ಇದಕ್ಕಿಂತ ಸೊಗಸಾಗಿ ಪದಚ್ಛೇದ ಮಾಡಲಾರ. ಆದರೆ ನಿಂತು ಯೋಚಿಸಿದರೆ, ಇಲ್ಲಿ ಸೋರುತ್ತಿದ್ದ ಎಣ್ಣೆಯ ಕಲೆ ಹತ್ತಿದ್ದು ಯಾರ ಹೆಸರಿಗೆ?

ಮಾರಾಟ ಬಿದ್ದಾಗ ಕಂಪನಿ ಮಾಡಿದ ಸಾಹಸಗಳೂ ಸ್ವಾರಸ್ಯವಾಗಿವೆ. 1957ರ ಅಕ್ಟೋಬರ್ 13ರಂದು ಬಿಂಗ್ ಕ್ರಾಸ್ಬಿ, ಫ್ರಾಂಕ್ ಸಿನಾತ್ರಾ, ಲೂಯಿ ಆರ್ಮ್‌ಸ್ಟ್ರಾಂಗ್ ಮೊದಲಾದ ಘಟಾನುಘಟಿಗಳನ್ನು ಸೇರಿಸಿ ಟೆಲಿವಿಷನ್ನಿನಲ್ಲಿ ಒಂದು ಗಂಟೆಯ ಕಾರ್ಯಕ್ರಮ ಮಾಡಿಸಿದರು. ಜನ ಹಾಡನ್ನು ಮೆಚ್ಚಿದರು, ಕಾರನ್ನಲ್ಲ. ಆಮೇಲೆ, ಮಳಿಗೆಗೆ ಬಂದು ಕಾರನ್ನು ಓಡಿಸಿ ನೋಡಿದವರಿಗೆ ಕುಳ್ಳ ಕುದುರೆಯನ್ನು ಗೆಲ್ಲುವ ಅವಕಾಶವಿದೆಯೆಂದು ಘೋಷಿಸಿದರು. ಮಕ್ಕಳು ಕುದುರೆಗಾಗಿ ಹಟ ಹಿಡಿದು ಅಪ್ಪಂದಿರನ್ನು ಎಳೆದು ತರುತ್ತಾರೆಂಬ ಲೆಕ್ಕಾಚಾರ. ಗೆದ್ದ ಅಪ್ಪಂದಿರಲ್ಲಿ ಅನೇಕರು ಕುದುರೆ ಬೇಡ, ಅದರ ಬದಲು ದುಡ್ಡು ಕೊಡಿ ಎಂದರು. ಕುದುರೆಯಿಲ್ಲದ ಗಾಡಿಯನ್ನು ಜಗತ್ತಿಗೆಲ್ಲ ಮಾರಿ ದೊಡ್ಡದಾದ ಮನೆತನಕ್ಕೆ ಕೊನೆಗೆ ಗಾಡಿ ಮಾರಲು ಕುದುರೆಯೇ ಬೇಕಾಯಿತು.

ಎಡ್ಸೆಲ್ ಬಿದ್ದದ್ದಕ್ಕೆ ಗಟ್ಟಿ ಕಾರಣ ಬೇರೆ. ಕಾರು ಬೀದಿಗಿಳಿದ ಹೊತ್ತಿಗೆ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ ಶುರುವಾಗಿತ್ತು, ಅದರ ಮೊದಲ ಪೆಟ್ಟು ತಿಂದದ್ದು ಮಧ್ಯಮ ಬೆಲೆಯ ಕಾರುಗಳೇ. ಅದರ ಬೆಲೆ ಅದೇ ಮನೆಯ ಮರ್ಕ್ಯುರಿಯ ಬೆಲೆಯ ಮೇಲೆಯೇ ಹಾಸಿಕೊಂಡಿದ್ದರಿಂದ ಕೊಳ್ಳುವವನಿಗೆ ಇದು ಮರ್ಕ್ಯುರಿಗಿಂತ ಮೇಲೋ ಕೆಳಗೋ ತಿಳಿಯಲಿಲ್ಲ. ಸಣ್ಣ, ಅಗ್ಗದ ಕಾರುಗಳ ಕಾಲ ಬರುತ್ತಿದೆಯೆಂದು ನಂಬಿದ್ದ ರಾಬರ್ಟ್ ಮೆಕ್ನಮಾರಾ ಎಂಬ ಅಧಿಕಾರಿಗೆ, ಮುಂದೆ ಅಮೆರಿಕದ ರಕ್ಷಣಾ ಸಚಿವರಾದವರೇ ಇವರು, ಎಡ್ಸೆಲ್ ಮೇಲೆ ಮೊದಲಿನಿಂದಲೂ ಒಲವಿರಲಿಲ್ಲ. ಮೊದಲ ವರ್ಷ ಎರಡು ಲಕ್ಷ ಕಾರು ಮಾರುವ ಗುರಿಯಿಟ್ಟಿದ್ದರು. ಅಮೆರಿಕದಲ್ಲಿ 1958ರ ಮಾದರಿ 63,110, ಮರುವರ್ಷದ್ದು 44,891. ಕೆಲವೇ ವಾರ ತಯಾರಾದ 1960ರ ಮಾದರಿ 2,846. ಆ ಕೊನೆಯ ಮಾದರಿಯಲ್ಲಿ ಕುದುರೆಯ ಕೊರಳಪಟ್ಟಿಯನ್ನೂ ತೆಗೆದುಹಾಕಿದ್ದರು. ಬೈದವರ ಬಾಯಿಗೆ ಹೆದರಿ ಮೂಗು ಕೊಯ್ದುಕೊಂಡ ಮೇಲೂ ಜೀವ ಉಳಿಯಲಿಲ್ಲ. ಎಡ್ಸೆಲ್‌ನ ಚಿಕ್ಕ ತಮ್ಮನಾಗಬೇಕೆಂದು ಸಿದ್ಧವಾಗುತ್ತಿದ್ದ ಇನ್ನೊಂದು ಕಾರು ಕಾಮೆಟ್ ಎಂಬ ಹೆಸರಿನಿಂದ 1960ರಲ್ಲಿ ಬಂದು ಚೆನ್ನಾಗಿಯೇ ಮಾರಾಟವಾಯಿತು. ಧೂಮಕೇತು ಎಂಬ ಅಶುಭದ ಹೆಸರಿಗೆ ಆದ ಅದೃಷ್ಟ ಅಪ್ಪನ ಹೆಸರಿಗೆ ಆಗಲಿಲ್ಲ.

ಅದೇ ಐದಾರು ವರ್ಷಗಳಲ್ಲಿ ನ್ಯಾಶ್ ಹೋಯಿತು, ಹಡ್ಸನ್ ಹೋಯಿತು, ಪ್ಯಾಕರ್ಡ್ ಹೋಯಿತು, ನಮ್ಮ ದೇಶದ ಹಳಬರಿಗೂ ಪರಿಚಯವಿರುವ ಡಿಸೋಟೋ ಹೋಯಿತು. ಇವೂ ಮನುಷ್ಯರ ಹೆಸರುಗಳೇ. ಆದರೆ ಸೋತ ವ್ಯವಹಾರವನ್ನು ಯಾರೂ ಹಡ್ಸನ್ ಎಂದು ಕರೆಯುವುದಿಲ್ಲ. ಅವು ಬದುಕಿ, ಬಾಳಿ, ಮುಪ್ಪಾಗಿ ಸತ್ತವು. ಎಡ್ಸೆಲ್ ಮೆರವಣಿಗೆಯಲ್ಲೇ ಎಡವಿ ಬಿತ್ತು. ಹೆಸರು ಕೆಟ್ಟದ್ದಾಗಿದ್ದುದರಿಂದ ಕಾರು ಕೆಟ್ಟಿತೆಂಬುದನ್ನು ನಾನು ಒಪ್ಪಲಾರೆ. ಕಾರು ಕೆಟ್ಟ ಮೇಲೆ ಬೈಯಲು ಕೈಗೆ ಸಿಕ್ಕಿದ್ದು ಆ ಹೆಸರೊಂದೇ. ಹಿಂಜರಿತವನ್ನು ಬೈಯಲಾಗದು, ಆಡಳಿತ ಸಮಿತಿಯ ನಡವಳಿ ಪುಸ್ತಕವನ್ನು ಬೈಯಲಾಗದು. ಐದಕ್ಷರದ ಹೆಸರನ್ನು ಮಾತ್ರ ಸಲೀಸಾಗಿ ಬೈಯಬಹುದು.

ಅದೇ ಹೆಸರು ಬೇರೆ ಕಡೆಗಳಲ್ಲಿ ನೆಮ್ಮದಿಯಾಗಿದೆ. ರಿಚರ್ಡ್ ಬರ್ಡ್ ಎಂಬ ಸಾಹಸಿಯ ಧ್ರುವಯಾನಗಳಿಗೆ ಎಡ್ಸೆಲ್ ಹಣ ಕೊಟ್ಟಿದ್ದರಿಂದ ಅಂಟಾರ್ಕ್ಟಿಕಾದ ಒಂದು ಪರ್ವತಸಾಲಿಗೆ ಎಡ್ಸೆಲ್ ಫೋರ್ಡ್ ಎಂದು ಹೆಸರಿದೆ. ಡೆಟ್ರಾಯಿಟಿನ ನಡುವೆ 94ನೆಯ ಹೆದ್ದಾರಿಯ ಭಾಗವೊಂದಕ್ಕೆ ಅದೇ ಹೆಸರು. ಎಡ್ಸೆಲ್ ಕಾರುಗಳು ಕೆಟ್ಟು ನಿಂತ ರಸ್ತೆಗಳಲ್ಲಿ ಅದೂ ಒಂದಾಗಿದ್ದರೆ ಆಶ್ಚರ್ಯವಿಲ್ಲ. ಡಿಯರ್‌ಬಾರ್ನ್ ಊರಿನ ಪ್ರೌಢಶಾಲೆಯೊಂದರ ಹೆಸರೂ ಅದೇ. ಕಾರಿಗೂ ಮೊದಲೇ ಮನೆತನದಲ್ಲಿ ಆ ಹೆಸರು ಮತ್ತೊಮ್ಮೆ ಬಂದಿತ್ತು. ಎರಡನೆಯ ಹೆನ್ರಿಯ ಮಗ 1948ರಲ್ಲೇ ಎಡ್ಸೆಲ್ ಎಂಬ ಹೆಸರು ಪಡೆದು, ಕಾರು ಹುಟ್ಟಿ ಸಾಯುವುದನ್ನು ಬಾಲ್ಯದಲ್ಲೇ ನೋಡಬೇಕಾಯಿತು. ಶಾಲೆಯಲ್ಲಿ ಆ ಹುಡುಗನನ್ನು ಸಹಪಾಠಿಗಳು ಹೇಗೆ ಕರೆದರೋ ಎಂದು ಯೋಚಿಸಿದಾಗ, ತಾತನ ಹೆಸರು ಹೊತ್ತ ಇನ್ನೊಬ್ಬನಾಗಿ ನನ್ನ ಮನಸ್ಸು ಅವನ ಕಡೆಗೆ ಸರಿಯುತ್ತದೆ.

ಇನ್ನೂ ಒಂದು ಕೊಂಡಿ ಇದೆ. 1936ರಲ್ಲಿ 25,000 ಡಾಲರ್ ಇಟ್ಟು ಎಡ್ಸೆಲ್ ಆರಂಭಿಸಿದ ದತ್ತಿಯೇ ಫೋರ್ಡ್ ಫೌಂಡೇಶನ್. ಅದು 1952ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು; 1980ರ ದಶಕದಲ್ಲಿ ನಮ್ಮ ಹೆಗ್ಗೋಡಿನ ನೀನಾಸಮ್ ಹಳ್ಳಿಹಳ್ಳಿಗೆ ನಾಟಕವನ್ನೂ ಒಳ್ಳೆಯ ಸಿನಿಮಾವನ್ನೂ ಒಯ್ದ ಜನಸ್ಪಂದನ ಯೋಜನೆಗೆ ನೆರವು ಬಂದದ್ದು ಅದರಿಂದಲೇ. ಸಾಗರ ಸೀಮೆಯ ಅಡಿಕೆ ತೋಟಗಳ ನಡುವಿನ ಯಾವುದೋ ಊರಿನಲ್ಲಿ ಚಾಪೆಯ ಮೇಲೆ ಕೂತು ಮೊದಲ ಬಾರಿಗೆ ಜಗತ್ತಿನ ಸಿನಿಮಾ ನೋಡಿದವರಲ್ಲಿ ಎಡ್ಸೆಲ್ ಎಂಬ ಹೆಸರು ಕೇಳಿದವರು ಇರಲಿಕ್ಕಿಲ್ಲ. ಆ ದತ್ತಿಗೆ ಅವರು ತಮ್ಮ ಹೆಸರಿಡದೆ ಮನೆತನದ ಹೆಸರಿಟ್ಟರು. ತಮ್ಮ ಹೆಸರನ್ನು ಎಲ್ಲಿ ಇಡಬಾರದೆಂಬುದು ಬಹುಶಃ ಅವರಿಗೆ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿತ್ತು.

ವಿನ್ಯಾಸಕಾರ ರಾಯ್ ಬ್ರೌನ್‌ರ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಕಾರು ಸೋತ ಮೇಲೆ ಅವರನ್ನು ಇಂಗ್ಲೆಂಡಿನ ಶಾಖೆಗೆ ಕಳಿಸಿದರು, ಅದನ್ನು ವನವಾಸವೆಂದೇ ಎಲ್ಲರೂ ತಿಳಿದರು. ಅಲ್ಲಿ ಅವರು 1962ರಲ್ಲಿ ಬಂದ ಕಾರ್ಟಿನಾವನ್ನು ರೂಪಿಸಿದರು; ಅದರ ಮೊದಲ ಮಾದರಿಯೇ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿ ಇಂಗ್ಲೆಂಡಿನ ಮನೆಮಾತಾಯಿತು. ಇಷ್ಟಾದರೂ 2013ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಮುದುಕರು ಇಳಿವಯಸ್ಸಿನಲ್ಲಿ ಹೆಮ್ಮೆಯಿಂದ ಓಡಿಸುತ್ತಿದ್ದದ್ದು ಎಡ್ಸೆಲ್ ಕಾರನ್ನು. ಈಗ ಅದನ್ನು ಸಂಗ್ರಹಿಸುವವರ ಸಂಘಗಳೂ ಇವೆ. 1960ರ ಮಾದರಿಯಲ್ಲಿ ಮಡಿಸುವ ಮಾಳಿಗೆಯ ಕಾರುಗಳು ಆದದ್ದೇ 76. ಅಂದು ಯಾರಿಗೂ ಬೇಡವಾಗಿದ್ದ ಆ ಗಾಡಿಗಾಗಿ ಇಂದು ಹರಾಜಿನಲ್ಲಿ ಪೈಪೋಟಿ ನಡೆಯುತ್ತದೆ.

ಎಡ್ಸೆಲ್ ಫೋರ್ಡ್‌ರ ಮುಖವನ್ನು ನೋಡಬೇಕೆನಿಸಿದವರು ಕಾರನ್ನು ಬಿಟ್ಟು ಡೆಟ್ರಾಯಿಟಿನ ಕಲಾಸಂಗ್ರಹಾಲಯದ ಭಿತ್ತಿಚಿತ್ರಗಳನ್ನು ನೋಡಬೇಕು. 1932 ಮತ್ತು 33ರಲ್ಲಿ ಮೆಕ್ಸಿಕೋದ ಚಿತ್ರಕಾರ ದಿಯೇಗೋ ರಿವೇರಾ ಫೋರ್ಡ್ ಕಾರ್ಖಾನೆಯನ್ನು ಅಲ್ಲಿನ ಗೋಡೆಗಳ ಮೇಲೆ ಬರೆದದ್ದು ಎಡ್ಸೆಲ್‌ರ ಹಣದಿಂದ. ಚಿತ್ರಕಾರ ಕಮ್ಯುನಿಸ್ಟ್, ಚಿತ್ರ ಅಶ್ಲೀಲ, ಸುಣ್ಣ ಬಳಿದು ಅಳಿಸಿಬಿಡಿ ಎಂದು ಪಾದ್ರಿಗಳೂ ಪತ್ರಿಕೆಗಳೂ ಕೂಗಾಡಿದಾಗ, ತಂದೆಯ ಮುಂದೆ ದನಿಯೇರಿಸದ ಈ ಮನುಷ್ಯ ಕದಲದೆ ಚಿತ್ರದ ಪರವಾಗಿ ನಿಂತರು. ದಕ್ಷಿಣದ ಗೋಡೆಯ ತುಂಬ ದೈತ್ಯಯಂತ್ರಗಳು, ಬೆನ್ನು ಬಗ್ಗಿಸಿದ ಕೆಲಸಗಾರರು; ಕೆಳಗಿನ ಮೂಲೆಯಲ್ಲಿ ಸಂಗ್ರಹಾಲಯದ ನಿರ್ದೇಶಕ ವಾಲೆಂಟೈನರ್ ಪಕ್ಕದಲ್ಲಿ, ಕೋಟು ತೊಟ್ಟು, ಜಾಗ ಸಾಲದವರಂತೆ ಒತ್ತರಿಸಿಕೊಂಡು ಎಡ್ಸೆಲ್ ನಿಂತಿದ್ದಾರೆ. ಅಷ್ಟು ದೊಡ್ಡ ಗೋಡೆಯಲ್ಲಿ ಸಿದ್ಧವಾದ ಕಾರು ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಜೋಡಣೆಯ ಸಾಲಿನ ದೂರದ ತುದಿಯಲ್ಲಿ ಒಂದೇ ಒಂದು ಇದೆ, ಕೆಂಪು ಬಣ್ಣದ್ದು, ಹೆಸರು ಬರೆಯಲು ಜಾಗವಿಲ್ಲದಷ್ಟು ಚಿಕ್ಕದು.